ಕೂರಿಸುವ ಕೈ

"ಭಾರ ನನ್ನ ಕೈಗೆ ಬಿಡಿ ಸರ್. ಪೂರ್ತಿ ಬಿಡಿ. ನಾನು ಹಿಡ್ಕೊಂಡಿದೀನಲ್ಲ" ಎಂದು ಪರದೆಯ ಆ ಕಡೆಯಿಂದ ಫಿಸಿಯೋ ಹುಡುಗಿ ಹೇಳಿದ್ದು ಕೇಳಿಸಿದಾಗ, ಈ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವಳ ಅಂಗೈಗಳೆರಡೂ ಮಡಿಲಲ್ಲಿ ತಾವಾಗಿಯೇ ತೆರೆದುಕೊಂಡವು. ಅದು ಅವಳ ಮಾತು. ಪದ ಕೂಡ ಬದಲಾಗಿರಲಿಲ್ಲ; ‘ಸರ್’ ಒಂದು ಸೇರಿತ್ತು, ಅಷ್ಟೇ. ಮದುವೆಯಾದಂದಿನಿಂದ ಗಂಡನ ಬಲಭುಜ ಗೂಡು ಬಿಟ್ಟು ಜಾರಿದಾಗಲೆಲ್ಲ, ಅಡುಗೆಮನೆಯ ನೆಲದ ಮೇಲೋ ಗಿರಾಕಿಗಳ ಮನೆಯ ಹಾಲಿನಲ್ಲೋ ಬಸ್ಸಿನ ಹಿಂದಿನ ಸೀಟಿನಲ್ಲೋ ಅವನ ಮಣಿಕಟ್ಟು ಹಿಡಿದು ಅವಳು ಹೇಳುತ್ತಿದ್ದದ್ದು ಇದನ್ನೇ: ಭಾರ ನನಗೆ ಬಿಡಿ, ನಾನು ಹಿಡ್ಕೊಂಡಿದೀನಿ. ಯಾರೂ ಕಲಿಸಿದ್ದಲ್ಲ. ನೋವಿಗೆ ಸೆಟೆದುಕೊಂಡ ಸ್ನಾಯು ಸಡಿಲವಾಗದ ಹೊರತು ಎಲುಬು ಒಳಕ್ಕೆ ಹೋಗುವುದಿಲ್ಲ, ಸ್ನಾಯು ಸಡಿಲವಾಗಬೇಕಾದರೆ ಮನಸ್ಸು ಸಡಿಲವಾಗಬೇಕು, ಮನಸ್ಸು ಸಡಿಲವಾಗಬೇಕಾದರೆ ಹಿಡಿದಿರುವ ಕೈ ಯಾರದೆಂದು ಗೊತ್ತಿರಬೇಕು ಎಂದು ಅವಳು ತಾನಾಗಿಯೇ ಕಂಡುಕೊಂಡಿದ್ದಳು. ಈಗ ನೋಡಿದರೆ ಅದನ್ನು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಯಾವ ಭುಜಕ್ಕೂ ಯಾವ ಹುಡುಗಿಯೂ ಹೇಳಬಹುದಾದ ಮಾತು ಅದು. ಪರದೆಯ ಕೆಳಗೆ ಹುಡುಗಿಯ ಬಿಳಿ ಬೂಟುಗಳು ಕಾಣುತ್ತಿದ್ದವು. ಅವು ಅರ್ಧ ಹೆಜ್ಜೆ ಮುಂದೆ ಬಂದು, ಅರ್ಧ ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದವು. ಮಂಚದಡಿ ಗಂಡನ ಚಪ್ಪಲಿಗಳಿದ್ದವು. ಅವನು ಬಗ್ಗಬಾರದೆಂದು ಅವಳೇ ಕಳಚಿ ಇಟ್ಟವು. ಈಗ ಬೂಟಿನ ತುದಿ ಒಂದು ಚಪ್ಪಲಿಗೆ ತಾಗಿ ಅದನ್ನು ಒಂದಿಷ್ಟು ತಿರುಗಿಸಿತ್ತು.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅವನು ಬೆವರಿಗೆ ಅಂಟಿದ ಬನಿಯನ್ನನ್ನು ತಲೆಯ ಮೇಲಿಂದ ಎಳೆಯುತ್ತಿದ್ದವನು ಅರ್ಧಕ್ಕೇ ನಿಂತು, ನಿಂತಲ್ಲೇ ಕುಸಿದು ಕೂತಾಗ ಅವಳಿಗೆ ನಗು ಬಂದಿತ್ತು. ಎಲ್ಲದರಲ್ಲೂ ತಮಾಷೆ ಮಾಡುವ ಮನುಷ್ಯ, ಇದೂ ಒಂದು ತಮಾಷೆ ಎಂದುಕೊಂಡಳು. ಬನಿಯನ್ನಿನೊಳಗಿಂದ ಮುಖವಿಲ್ಲದ ದನಿ, "ನಗಬೇಡ ಕಣೇ, ಕೈ ಬಂದ್ಬಿಟ್ಟಿದೆ" ಎಂದಿತು. ಹುಡುಗನಾಗಿದ್ದಾಗ ವಾಲಿಬಾಲ್ ಆಡುವಾಗ ಬಿದ್ದು ಮೊದಲ ಸಲ ಜಾರಿದ ಭುಜ ಅದು. ಆಮೇಲೆ ಚಾಳಿ ಬಿದ್ದುಹೋಗಿತ್ತು. ಆ ಸಂಜೆ ಅವನೇ ಒಂದೊಂದಾಗಿ ಹೇಳಿಕೊಟ್ಟ: ಮಣಿಕಟ್ಟು ಹಿಡಿ, ಎಳೀಬೇಡ, ತೂಗಾಡೋ ಹಾಗೆ ಹಿಡಿ, ಹೊರಗಡೆಗೆ ತಿರುಗಿಸ್ತಾ ಬಾ, ನಿಧಾನ, ಇನ್ನೂ ನಿಧಾನ. ಭುಜದ ಮೇಲೆ ಇಟ್ಟಿದ್ದ ಅವಳ ಇನ್ನೊಂದು ಅಂಗೈಯಡಿ, ದುಂಡಗೆ ಇರಬೇಕಾದ ಕಡೆ ಹಳ್ಳ ಬಿದ್ದಿತ್ತು. ಆ ಹಳ್ಳಕ್ಕೆ ಏನೋ ಉರುಳಿ ಬಂತು, ಟಕ್ ಎಂದಿತು. ಸದ್ದು ಕೇಳಿಸಿದ್ದಕ್ಕಿಂತ ಹೆಚ್ಚಾಗಿ ಕೈಗೆ ಗೊತ್ತಾಯಿತು. ಮರುಗಳಿಗೆ ಅವನ ತಲೆ ಅವಳ ಕೊರಳಿಗೆ ಒರಗಿತ್ತು, ಬನಿಯನ್ ಇನ್ನೂ ಮುಖದ ಮೇಲೇ ಇತ್ತು, ಒದ್ದೆ ಬಟ್ಟೆಯ ಮೂಲಕ ಅವನ ಉಸಿರು ಬಿಸಿಬಿಸಿಯಾಗಿ ತಾಗುತ್ತಿತ್ತು. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಅವಳಿಗೆ ತಿಳಿಯಲಿಲ್ಲ. ಮದುವೆ ಆದದ್ದು ಆ ಸಂಜೆ ಎಂದೇ ಅವಳು ಎಷ್ಟೋ ಸಲ ಅಂದುಕೊಂಡಿದ್ದಾಳೆ.

ಅವರದು ಕಿಟಕಿ ಪರದೆಗಳ ಅಂಗಡಿ. ಅವಳು ಅಳತೆ ತೆಗೆದು ಕತ್ತರಿಸಿ ನೆರಿಗೆ ಹಿಡಿದು ಹೊಲಿಯುತ್ತಾಳೆ. ಅವನು ಗಿರಾಕಿಗಳ ಮನೆಗೆ ಹೋಗಿ ಏಣಿ ಹತ್ತಿ, ಗೋಡೆಗೆ ತೂತು ಕೊರೆದು, ರಾಡು ಕೂರಿಸಿ ತೂಗುಹಾಕುತ್ತಾನೆ. ಭುಜ ಹಾಗಿರುವಾಗ ಅವನನ್ನು ಒಬ್ಬನೇ ಕಳಿಸುವುದು ಹೇಗೆ ಎಂದು ಅವಳೂ ಹೊರಡುತ್ತಿದ್ದಳು. ಕೆಳಗೆ ಏಣಿ ಹಿಡಿದು ನಿಂತು, ಮೇಲೆ ಅವನು ಡ್ರಿಲ್ ಎತ್ತಿದಾಗ ಅವನ ಅಂಗಿಯ ಬೆನ್ನು ಬಿಗಿಯುವುದನ್ನು, ಬಲಗೈ ಕಿವಿಯ ಮಟ್ಟ ದಾಟಿದಾಗ ಅವನ ಹಿಮ್ಮಡಿ ಒಂದಿಷ್ಟು ಮೇಲೇಳುವುದನ್ನು ನೋಡುತ್ತಿದ್ದಳು. ಮನೆಯ ಹೆಂಗಸರು ಚಹಾ ತಂದಿಟ್ಟು ಅಲ್ಲೇ ನಿಲ್ಲುತ್ತಿದ್ದರು. ಅವನು ಮೇಲಿಂದಲೇ ಏನಾದರೂ ಅನ್ನುತ್ತಿದ್ದ, ಅವರು ಕಿಲಕಿಲ ನಗುತ್ತಿದ್ದರು. "ನಿಮ್ಮೆಜಮಾನ್ರು ಜೊತೆಲಿದ್ರೆ ಹೊತ್ತು ಹೋದದ್ದೇ ಗೊತ್ತಾಗಲ್ಲ ಅಲ್ವಾ" ಎಂದು ಒಬ್ಬಳು ಕೇಳಿದ್ದಳು. ಅವಳು ಹೂಂ ಎಂದಿದ್ದಳು. ಮನೆಯಲ್ಲಿ ಅವನು ಪೇಪರ್ ಮುಂದೆ ಹಿಡಿದುಕೊಂಡು ತುಟಿ ಪಿಟಕ್ಕೆನ್ನದೆ ಕೂರುತ್ತಾನೆಂದು ಯಾರಿಗೆ ಹೇಳುವುದು? ಆ ಹೆಂಗಸರಿಗೆ ಅವನ ಮಾತು ಸಿಗುತ್ತದೆ, ನಗು ಸಿಗುತ್ತದೆ. ಇರಲಿ, ಕೈ ಜಾರಿದ ದಿನ ಅವನು ಬಂದು ಒರಗುವುದು ಎಲ್ಲಿಗೆ? ಹೀಗೆ ಅಂದುಕೊಂಡಾಗ ಅವಳಿಗೆ ಒಂದು ಬಗೆಯ ಸೊಕ್ಕು ಬರುತ್ತಿತ್ತು. ಕ್ರಮೇಣ ಅದು ಕಾಯುವುದಾಗಿ ಮಾರ್ಪಟ್ಟಿತ್ತು. ಮಾತು ಬಿಟ್ಟ ದಿನಗಳಲ್ಲಿ ಅವನು ಅಟ್ಟದ ಮೇಲಿನ ಡಬ್ಬಕ್ಕೆ ಕೈ ಚಾಚಿದರೆ ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಜಾರದಿರಲಿ ಎಂದು ಹಿಡಿದ ಉಸಿರಲ್ಲ ಅದು ಎಂದು ಅವಳಿಗೆ ಗೊತ್ತಿತ್ತು.

ಒಂದು ದಿನ ಹಾಗೇ ಆಯಿತು. ಯಾವಳದೋ ಮನೆಯಲ್ಲಿ ಕೆಲಸ ಮುಗಿದ ಮೇಲೂ ಗಂಟೆಗಟ್ಟಲೆ ಹರಟುತ್ತ ಕೂತಿದ್ದನೆಂದು ಜಗಳವಾಡಿ ಅವಳು ಅಡುಗೆಮನೆ ಸೇರಿದ್ದಳು. ರೂಮಿನಿಂದ ಏನೋ ಬಿದ್ದ ಸದ್ದು ಬಂತು, ಆಮೇಲೆ ಅವನ ದನಿ. "ಬಾರೇ, ಬಂದ್ಬಿಡ್ತು" ಎಂದ. ಅವಳು ನಲ್ಲಿ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಒಳಗೆ ಉಜ್ಜಿ, ಹೊರಗೆ ಉಜ್ಜಿ, ನೀರು ಬಿಟ್ಟು, ಮತ್ತೆ ಉಜ್ಜಿದಳು. ಅವನು ಇನ್ನೊಂದು ಸಲ ಕರೆದ. ಈ ಸಲ ಹೆಸರು ಹಿಡಿದು ಕರೆದ, ದನಿ ಸಣ್ಣದಾಗಿತ್ತು. ಅವಳು ನಲ್ಲಿ ನಿಲ್ಲಿಸಿ, ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು, ಒರೆಸಿದ ಬಟ್ಟೆಯನ್ನು ಮಡಚಿ ಇಟ್ಟು ಹೋದಳು. ಅವನ ತುಟಿ ಬಿಳಿಚಿಕೊಂಡಿತ್ತು. ಅಂದು ಎಲುಬು ಕೂತಾಗ ಅವನು ಅವಳ ಕೊರಳಿಗೆ ಒರಗಲಿಲ್ಲ, ಗೋಡೆಗೆ ಒರಗಿದ. ನೋವು ಜಾಸ್ತಿ ಇರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಪರದೆಯ ಆಚೆ ಹುಡುಗಿ ನಕ್ಕಳು. ಅವನ ತಮಾಷೆ ಇಲ್ಲೂ ಶುರುವಾಯಿತು ಎಂದುಕೊಂಡು ಅವಳು ಕಿವಿಗೊಟ್ಟಳು. ತಮಾಷೆಯಲ್ಲ. "ನಿಜ ಹೇಳ್ಬೇಕು ಅಂದ್ರೆ ಮೇಡಂ" ಎನ್ನುತ್ತಿದ್ದ ಅವನು. ಮಲಗಿಕೊಂಡು ಮಾತಾಡುವವರ ದನಿ, ಗಂಟಲಿನಿಂದ ಬಂದಂತಿತ್ತು. "ಏಣಿ ಹತ್ತೋಕೆ ನಂಗೆ ಮೊದ್ಲಿಂದ್ಲೂ ಭಯ. ಮೇಲಿನ ಮೆಟ್ಟಿಲಿಗೆ ಹೋದ್ರೆ ಹೊಟ್ಟೆಯೆಲ್ಲ ತೊಳೆಸಿದ ಹಾಗಾಗುತ್ತೆ. ಅದಕ್ಕೇ ಏನಾದ್ರೂ ಮಾತಾಡ್ತಾ ಇರ್ತೀನಿ. ಮಾತಾಡ್ತಿದ್ರೆ ಕೆಳಗೆ ನೋಡೋದು ತಪ್ಪುತ್ತೆ."

"ಮನೇಲಿ ಹೇಳಿಲ್ವಾ ಸರ್?"

"ಯಾರಿಗೂ ಹೇಳಿಲ್ಲ. ಏಣಿ ಹತ್ತೋದೇ ನನ್ನ ಕೆಲಸ ಅಲ್ವಾ."

ಅಷ್ಟು ವರ್ಷ ಏಣಿ ಹಿಡಿದು ನಿಂತವಳು ಅವಳು. ಮೇಲೇಳುವ ಹಿಮ್ಮಡಿಯನ್ನು ನೋಡಿ ಭುಜದ ಸುದ್ದಿ ತಿಳಿದುಕೊಂಡಿದ್ದಳು. ಹೊಟ್ಟೆಯ ಸುದ್ದಿ ತಿಳಿಯಲಿಲ್ಲ. ಯಾವ ಹೆಂಗಸರ ಜೊತೆ ಅವನು ಹಲ್ಲುಕಿರಿಯುತ್ತಾನೆಂದು ಅವಳು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದಳೋ, ಅವರು ಅವನಿಗೆ ಕೆಳಗೆ ನೋಡದಿರಲು ಒಂದು ನೆಪ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಿಚ್ಚು ಆ ಹೆಂಗಸರನ್ನೆಲ್ಲ ಬಿಟ್ಟು ಎರಡು ಬಿಳಿ ಬೂಟುಗಳ ಮೇಲೆ ಬಂದು ಕೂತಿತು. ನಾಲ್ಕೈದು ಸಲ ಕೈ ಎತ್ತಿ ಇಳಿಸಿದವಳಿಗೆ ಇದನ್ನು ಹೇಳಿದನಲ್ಲ. ನಾನು ಕೇಳಿದ್ದರೆ ನನಗೂ ಹೇಳುತ್ತಿದ್ದನೇನೋ ಎಂದು ಒಳಗೊಂದು ದನಿ ಅಂದಿತು. ನೀನು ಯಾವತ್ತು ಕೇಳಿದೆ ಎಂದು ಇನ್ನೊಂದು.

ಭುಜಕ್ಕೆ ಆಪರೇಷನ್ ಮಾಡಿಸಲೇಬೇಕೆಂದು ಹಟ ಹಿಡಿದವಳು ನಾದಿನಿ. ಇವರ ಮನೆಗೆ ಬಂದಾಗ ಅಣ್ಣನ ಭುಜ ಜಾರಿದ್ದು ನೋಡಿ ಅವಳು ಕಿಟಾರನೆ ಕಿರುಚಿದ್ದಳು. ಟಕ್ ಎಂದು ಕೂರಿಸಿ ಸೆರಗು ಸರಿಮಾಡಿಕೊಂಡು ಎದ್ದ ಅತ್ತಿಗೆಯನ್ನು ನೋಡಿ, "ನೀವೇನು ಮನುಷ್ಯರಾ ಅತ್ತಿಗೆ? ಡಬ್ಬದ ಮುಚ್ಚಳ ಹಾಕಿದ ಹಾಗೆ ಹಾಕ್ತೀರಲ್ಲ" ಎಂದಳು. ಹೊಗಳಿಕೆ ಎಂದೇ ಅವಳು ಅದನ್ನು ತೆಗೆದುಕೊಂಡಿದ್ದಳು. ಕೊನೆಗೆ ಮೂವರೂ ಸೇರಿ ಮೂಳೆ ಡಾಕ್ಟರ ಮುಂದೆ ಕೂತಾಗ ಅವರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಹಿಡಿದ ಕೈ ಇಳಿಸದೆಯೇ, ಎಷ್ಟು ಸಲ ಜಾರಿದೆ ಎಂದು ಕೇಳಿದರು. ಲೆಕ್ಕ ಇಟ್ಟಿಲ್ಲ ಎಂದ ಗಂಡ. "ಒಂದೆರಡು ಸಲ ಆಸ್ಪತ್ರೆಗೆ ಹೋಗಿದ್ದೆ. ಉಳಿದಿದ್ದೆಲ್ಲ ಇವಳೇ ಕೂರಿಸಿದ್ದು" ಎಂದು ಅವಳ ಕಡೆ ತಿರುಗಿ ನಕ್ಕ. ಅವಳು ಬೆನ್ನು ನೆಟ್ಟಗೆ ಮಾಡಿದಳು. ಡಾಕ್ಟರು ಏನಾದರೂ ಅನ್ನುತ್ತಾರೆ ಎಂದು ಕಾದಳು. ಅವರು ಅವಳ ಮುಖವನ್ನು ನೋಡಲಿಲ್ಲ, ಕೈಗಳನ್ನು ನೋಡಿದರು.

"ನೋಡಿ, ಭುಜದ ಗೂಡು ಅಂದ್ರೆ ಆಳವಾದ ಬಟ್ಟಲಲ್ಲ, ಸಾಸರ್ ಇದ್ದ ಹಾಗೆ. ಅಂಚು ಚೆನ್ನಾಗಿದ್ರೆ ಕೈಯೆಲುಬಿನ ಗುಂಡು ಅದರ ಮೇಲೆ ನಿಲ್ಲುತ್ತೆ. ಇವರದ್ದು ಮುಂದಿನ ಅಂಚು ಸವೆದುಹೋಗಿದೆ. ಒಂದೊಂದು ಸಲ ಜಾರಿದಾಗ್ಲೂ, ವಾಪಸ್ ಹೋದಾಗ್ಲೂ ಒಂದಿಷ್ಟು ತಿಂದಿದೆ" ಎಂದರು. ಮೊದಲೇ ಬಂದಿದ್ದರೆ ಎರಡು ಸಣ್ಣ ತೂತು ಮಾಡಿ, ಹರಿದ ಪೊರೆಯನ್ನು ಹೊಲಿದು ಬಿಗಿಮಾಡಿದ್ದರೆ ಸಾಕಿತ್ತಂತೆ. ಈಗ ಹೊಲಿಗೆ ನಿಲ್ಲುವುದಿಲ್ಲ. ಭುಜದ ಮುಂಭಾಗದಲ್ಲೇ ಇರುವ ಕೊಕ್ಕಿನಂಥ ಎಲುಬಿನ ಒಂದು ತುಂಡನ್ನು ಅದರ ಸ್ನಾಯು ಸಮೇತ ತೆಗೆದು, ಸವೆದ ಅಂಚಿಗೆ ಸ್ಕ್ರೂ ಹಾಕಿ ಕೂರಿಸಬೇಕು. "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಕೇಳಿದರು. ಅಂಚು ಸವೆದ ಬಟ್ಟೆಗೆ ಹೊಲಿಗೆ ನಿಲ್ಲುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಪರೇಷನ್ ಅಂದಾಗಲೆಲ್ಲ ಅವಳು ಏನು ಹೇಳಿದ್ದಳು? ನಾನಿಲ್ವಾ, ಯಾಕೆ ಸುಮ್ಮನೆ ಮೈ ಕೊಯ್ಸಿಕೊಳ್ತೀರಿ. ತಾನು ಟಕ್ ಎನ್ನಿಸಿ ಹೆಮ್ಮೆಪಟ್ಟ ಅಷ್ಟೂ ಸಲ ಅಂಗೈಯಡಿ ಅವನ ಎಲುಬು ಒಂದಿಷ್ಟೊಂದಿಷ್ಟು ತೇಯುತ್ತಿತ್ತು. ಅದು ಅವಳ ಕೈಗೆ ಯಾವತ್ತೂ ಗೊತ್ತಾಗಿರಲಿಲ್ಲ.

ಆಪರೇಷನ್ನಿನ ದಿನ ಡಾಕ್ಟರು ಹೊರಬಂದು, ತಲೆಯ ಹಸಿರು ಟೋಪಿ ತೆಗೆಯುತ್ತ, "ಚೆನ್ನಾಗಿ ಕೂತಿದೆ" ಎಂದಾಗ ನಾದಿನಿ ಗಳಗಳ ಅತ್ತುಬಿಟ್ಟಳು. ಅವಳಿಗೆ ಅಳು ಬರಲಿಲ್ಲ. ಅಂಗೈಗೆ ಮಾತ್ರ ಗೊತ್ತಿದ್ದ ಜಾಗವನ್ನು ಇವರು ದೀಪ ಹಾಕಿ ಕಣ್ಣಾರೆ ನೋಡಿದ್ದಾರೆ. ಅವನಿಗೆ ಎಚ್ಚರವಿಲ್ಲದಾಗ, ನರ್ಸುಗಳು ಅವರಿವರು ಎಲ್ಲರೂ ಬಗ್ಗಿ ನೋಡಿರಬೇಕು. ಹೇಗಿತ್ತು ಎಂದು ಕೇಳಬೇಕೆನಿಸಿತು. ಯಾವ ಬಣ್ಣ ಎಂದು. ಕೇಳಲಿಲ್ಲ. ಥ್ಯಾಂಕ್ಸ್ ಡಾಕ್ಟ್ರೇ ಎಂದಳು.

ಪರದೆ ಸರ್ರನೆ ಸರಿಯಿತು. ಗಂಡ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮುಖದಲ್ಲಿ ನಿದ್ದೆಯಿಂದೆದ್ದವರ ಕಳೆಯಿತ್ತು. ಹುಡುಗಿಗೆ ಇಪ್ಪತ್ತೈದೂ ಇರಲಾರದು, ಕೂದಲನ್ನು ಎತ್ತಿ ಗಂಟು ಹಾಕಿದ್ದಳು, ಗಂಟಿಗೆ ಪೆನ್ನು ಸಿಕ್ಕಿಸಿದ್ದಳು. "ಆಂಟಿ, ಒಂದ್ನಿಮಿಷ ಬನ್ನಿ" ಎಂದಳು. ಅವನು ಸರ್, ತಾನು ಆಂಟಿ. ಅವನಿಗಿಂತ ಅವಳು ಆರು ವರ್ಷ ಚಿಕ್ಕವಳು. "ಸ್ಲಿಂಗ್ ಇನ್ನು ಮನೇಲಿ ಬೇಡ. ಎಡಗೈ ಸಹಾಯದಿಂದ ಇವರೇ ಎತ್ತಿ ಇಳಿಸ್ತಾರೆ, ನೀವು ಮಾಡಿಸೋಕೆ ಹೋಗ್ಬೇಡಿ. ಮುಖ್ಯವಾಗಿ ಕೈಯನ್ನ ಹೊರಗಡೆಗೆ ತಿರುಗಿಸೋದು ಬೇಡ್ವೇ ಬೇಡ. ನಾನು ಹೇಳೋವರೆಗೂ. ಎಲುಬು ಅಂಟಿಕೊಳ್ಳೋಕೆ ಟೈಂ ಬೇಕು" ಎಂದು ತನ್ನದೇ ಕೈ ತಿರುಗಿಸಿ ತೋರಿಸಿದಳು. ಮಣಿಕಟ್ಟು ಹಿಡಿದು, ತೂಗಾಡುವ ಹಾಗೆ, ಹೊರಗಡೆಗೆ. ಅವಳು ಇಷ್ಟು ವರ್ಷ ಕೂರಿಸುತ್ತಿದ್ದದ್ದೇ ಹಾಗೆ.

"ನನಗೆ ಗೊತ್ತು" ಎಂದಳು.

"ಎಲ್ಲರೂ ಗೊತ್ತು ಅಂತಾರೆ ಆಂಟಿ, ಮನೆಗೆ ಹೋದ್ಮೇಲೆ ಮಸಾಜು ಗಿಸಾಜು ಅಂತ ಶುರು ಮಾಡ್ತಾರೆ" ಎಂದು ಹುಡುಗಿ ನಕ್ಕಳು. ಗಂಡನೂ ನಕ್ಕ. ಅವಳು ಬಗ್ಗಿ ಅವನ ಕಾಲಿಗೆ ಚಪ್ಪಲಿ ಹಾಕಿದಳು.

ದಾರಿಯಲ್ಲಿ ಅವನು ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಅಂಗಡಿಗಳ ಬೋರ್ಡು ಓದುತ್ತ ಬಂದ. ಆ ಹುಡುಗಿ ಜೊತೆ ಏನು ಮಾತಾಡ್ತಿದ್ರಿ ಎಂದು ಕೇಳಿದಳು. "ಏನಿಲ್ಲ, ಹಿಂಗೇ" ಎಂದ. ಅವಳು ಮತ್ತೆ ಕೇಳಲಿಲ್ಲ. ಮನೆಗೆ ಬಂದು ಊಟ ಮಾಡಿ, ಅಂಗಡಿಗೆ ಹೊರಡುವ ಮೊದಲು ಅವನಿಗೆ ಅಂಗಿ ಬದಲಿಸಬೇಕಿತ್ತು. ಅದು ಈಗಲೂ ಅವಳದೇ ಕೆಲಸ. ಕೆಟ್ಟ ಕೈಯನ್ನು ಮೊದಲು ಅಂಗಿಯ ತೋಳಿಗೆ ತೂರಿಸಬೇಕು, ಆಮೇಲೆ ಬೆನ್ನ ಹಿಂದಿನಿಂದ ತಂದು ಒಳ್ಳೆಯ ಕೈ. ಕಿಟಕಿಯಿಂದ ಬಿಸಿಲು ಬಂದು ಅವನ ಎದೆಯ ಮೇಲೆ ಬಿದ್ದಿತ್ತು. ಭುಜದ ಮುಂದಿನ ಗಾಯ ಒಣಗಿ ಕೆಂಪಗೆ ಮಿರುಗುತ್ತಿತ್ತು. ಹೊಲಿಗೆ ಹಾಕಿದವರದು ಪಳಗಿದ ಕೈ ಎಂದು ಅವಳು ಮೊದಲ ದಿನವೇ ನೋಡಿದ್ದಳು. ಅವಳು ಒಂದು ಕೈಯಲ್ಲಿ ಅವನ ಮೊಣಕೈ, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದಳು. ತೋಳಿಗೆ ತೂರಿಸುವುದಕ್ಕೇ ಹಿಡಿದದ್ದು. ಹಿಡಿದ ಮೇಲೆ ಕೈಗೆ ಹಳೆಯ ತೂಕ ಸಿಕ್ಕಿತು. ಅವನು ಏನೂ ಯೋಚಿಸದೆ ಭಾರ ಬಿಟ್ಟಿದ್ದ. ಮಣಿಕಟ್ಟನ್ನು ಅವಳು ಹೊರಗಡೆಗೆ ತಿರುಗಿಸಿದಳು. ನಿಧಾನ, ಇನ್ನೂ ನಿಧಾನ. ಎಲ್ಲಿ ಎಲುಬು ಮುಂದಕ್ಕೆ ಉರುಳಲು ಶುರುವಾಗುತ್ತಿತ್ತೋ ಆ ಜಾಗ ಅವಳಿಗೆ ಗೊತ್ತಿತ್ತು, ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವಷ್ಟು ಸಲೀಸಾಗಿ. ಅದು ಬರುವ ಮೊದಲೇ ಏನೋ ತಡೆಯಿತು. ಗಟ್ಟಿಯಾಗಿ, ಗೋಡೆಗೆ ಬೆರಳು ತಾಗಿದ ಹಾಗೆ. ಅವಳು ಅಲ್ಲಿಗೇ ಬಿಡಲಿಲ್ಲ. ಇನ್ನೊಂದಿಷ್ಟು ಒತ್ತಿದಳು.

ಅವನು ಹಲ್ಲು ಕಚ್ಚಿ ಉಸಿರೆಳೆದುಕೊಂಡ. "ಏನ್ ಮಾಡ್ತಿದೀಯ?"

"ಅಂಗಿ ತೋಳು ಸಿಕ್ಕಿಕೊಂಡಿತ್ತು. ಬಿಡಿಸ್ತಿದ್ದೆ."

ಅಂಗಿ ಮಂಚದ ಮೇಲಿತ್ತು. ಇಬ್ಬರೂ ಅದನ್ನು ನೋಡಿದರು. ಅವನ ಹಣೆಯಲ್ಲಿ ಬೆವರು ಒಡೆಯಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅವಳ ಹಿಡಿತದಲ್ಲೇ ಇಟ್ಟು, ಕಣ್ಣಲ್ಲಿ ಕಣ್ಣಿಟ್ಟು, ಸಣ್ಣ ದನಿಯಲ್ಲಿ ಹೇಳಿದ: "ಅದು ಇನ್ನು ಬರಲ್ಲ ಕಣೇ. ಸ್ಕ್ರೂ ಹಾಕಿದಾರೆ." ಆಮೇಲೆ, "ಆವತ್ತೂ ನಿನ್ನ ಮುಖ ಹೀಗೇ ಇತ್ತು. ನಲ್ಲಿ ನಿಲ್ಲಿಸಿ ಬಂದ್ಯಲ್ಲ, ಆವತ್ತು" ಎಂದ.

ಅವಳು ಮಣಿಕಟ್ಟನ್ನು ಅವನ ತೊಡೆಯ ಮೇಲೆ ಇಟ್ಟಳು. ಗಾಜಿನ ಸಾಮಾನು ಇಡುವ ಹಾಗೆ ಇಟ್ಟಳು. ಏನು ಹೇಳುವುದು? ಬೇಕು ಅಂತ ಮಾಡಿದ್ದಲ್ಲ ಎನ್ನಬಹುದಿತ್ತು. ಬೇಕು ಅಂತಲೇ ಮಾಡಿದ್ದು. ಹೇಳದೆ ಅಂಗಿ ತೊಡಿಸಿದಳು, ಗುಂಡಿ ಹಾಕಿದಳು, ಕೆಳಗಿನಿಂದ ಮೇಲಕ್ಕೆ, ಕೊರಳಿನ ಗುಂಡಿಯ ಹತ್ತಿರ ಬಂದಾಗ ಅವನು ಗದ್ದ ಎತ್ತಿ ಅವಳಿಗೆ ಅನುವು ಮಾಡಿಕೊಟ್ಟ. ಅಂದು ಅಂಗಡಿಯಲ್ಲಿ ಒಂದೇ ಪರದೆಯ ನೆರಿಗೆಯನ್ನು ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಸಂಜೆ ಮಾಡಿದಳು. ನಾನೊಬ್ಬಳು ಅವನ ಮೈಗೆ ಕನ್ನ ಹಾಕಿದ ಕಳ್ಳಿ ಅನ್ನಿಸಿತು. ಅದರ ಜೊತೆಗೇ, ಆ ತಡೆದ ಗಟ್ಟಿ ಜಾಗದ ನೆನಪಾಗಿ, ಯಾರೋ ತನ್ನ ಮನೆಗೆ ಬೀಗ ಬದಲಿಸಿದ್ದಾರೆ ಎಂಬಂಥ ಸಿಟ್ಟೂ ಬಂತು. ಎರಡೂ ಒಟ್ಟಿಗೇ ಇದ್ದವು. ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

ಮುಂದಿನ ಸಲ ಹೋದಾಗ ಭುಜ ಸ್ವಲ್ಪ ಬಾತಿತ್ತು. ಹುಡುಗಿ ಪರದೆ ಎಳೆಯಲೇ ಇಲ್ಲ. ಎರಡು ಬೆರಳಿನಿಂದ ಒತ್ತಿ ನೋಡಿ, ಏನಾಯ್ತು ಸರ್ ಎಂದಳು. ದನಿಯಲ್ಲಿ ನಗುವಿರಲಿಲ್ಲ. ಅವಳು ಕುರ್ಚಿಯಿಂದ ಎದ್ದು ನಿಂತಳು. ನಾನೇ ಮಾಡಿದ್ದು ಎನ್ನಲು ಬಾಯಿ ತೆರೆದಳು. ಹೇಳಿದರೆ ಮುಗಿಯುತ್ತದೆ, ಈ ಹುಡುಗಿಯ ಮುಂದೆ ತಲೆ ತಗ್ಗಿಸಿದರೆ ಎಲ್ಲ ಹಗುರವಾಗುತ್ತದೆ ಎಂದು ಆ ಗಳಿಗೆಯಲ್ಲಿ ಅನ್ನಿಸಿತ್ತು. "ನಿದ್ದೇಲಿ ಆ ಮಗ್ಗುಲಿಗೆ ಹೊರಳಿದೆ ಮೇಡಂ" ಎಂದ ಗಂಡ. "ಕೈ ಮೈಯಡಿ ಸಿಕ್ಕಿಕೊಂಡ್ಬಿಡ್ತು."

"ಆಂಟಿ, ನೀವಾದ್ರೂ ನೋಡ್ಕೋಬಾರ್ದಾ?"

"ಅವಳೂ ನಿದ್ದೇಲಿದ್ಲು" ಎಂದ.

ಎಕ್ಸ್‌ರೇ ತೆಗೆದರು. ಬೂದು ಮೋಡದಂಥ ಎಲುಬಿನಲ್ಲಿ ಎರಡು ಬಿಳಿ ಸ್ಕ್ರೂಗಳು ಓರೆಯಾಗಿ, ಅಕ್ಕಪಕ್ಕದಲ್ಲಿ, ಇಟ್ಟಲ್ಲೇ ಇದ್ದವು. ಡಾಕ್ಟರು ಪರವಾಗಿಲ್ಲ ಎಂದರು. ಗಂಡ ಹೇಳಿದ ಸುಳ್ಳು ಅವಳನ್ನು ಉಳಿಸಿತ್ತು, ಜೊತೆಗೆ ಅವಳ ಬಾಯನ್ನೂ ಕಟ್ಟಿತ್ತು. ಅದು ಮರುಕವೋ ಶಿಕ್ಷೆಯೋ ಎಂದು ದಾರಿಯುದ್ದಕ್ಕೂ ಅವನ ಮುಖ ನೋಡಿದಳು. ಅವನು ಬೋರ್ಡು ಓದುತ್ತಿದ್ದ.

ಎಲುಬು ಅಂಟಿಕೊಂಡಿತು. ಕೈ ಮೊದಲು ಮೂಗಿನ ಮಟ್ಟಕ್ಕೆ, ಆಮೇಲೆ ಹಣೆಗೆ, ಆಮೇಲೆ ತಲೆಯ ಮೇಲಕ್ಕೆ ಹೋಯಿತು. ಒಂದು ಬೆಳಿಗ್ಗೆ ಅವನು ಬನಿಯನ್ನನ್ನು ತಾನೇ ತಲೆಯ ಮೇಲಿಂದ ತೆಗೆದು ಹಗ್ಗಕ್ಕೆ ಎಸೆದ. ಎಸೆದ ಮೇಲೆ ತಾನೇ ಬೆರಗಾಗಿ ನಿಂತ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಚೆನ್ನಾಗಿ ಆಯ್ತಲ್ಲ ಎಂದಳು. ಚೆನ್ನಾಗಿ ಆದದ್ದು ನಿಜ, ಸಂತೋಷವಾದದ್ದೂ ನಿಜ. ಆ ಸಂತೋಷ ಬೇರೆ ಯಾರದೋ ಮನೆಯ ಮದುವೆಗೆ ಹೋಗಿ ಉಂಡುಬಂದ ಹಾಗಿತ್ತು. ಅವನು ಕೆಲಸಕ್ಕೆ ಒಬ್ಬನೇ ಹೋಗತೊಡಗಿದ. ಹತ್ತಿರದ ಮನೆಗಳಿಗೆ ಮೊದಲು, ಆಮೇಲೆ ದೂರದ್ದಕ್ಕೂ. ನೀನು ಯಾಕೆ ಸುಮ್ಮನೆ ಅಲೀತೀಯ, ಹೊಲಿಗೆ ನೋಡ್ಕೋ ಎಂದ. ಸರಿಯಾದ ಮಾತೇ ಅದು.

ಹೀಗಿರುವಾಗ ಒಂದು ಮಧ್ಯಾಹ್ನ ಫಿಸಿಯೋ ಹುಡುಗಿಯೇ ಅಂಗಡಿಗೆ ಬಂದಳು. ಬೇರೆ ಮನೆ ಹಿಡಿದಿದ್ದಳಂತೆ, ಒಬ್ಬಳೇ ಇರಲು. ಹಾಲಿಗೆ ಒಂದು ದೊಡ್ಡ ಪರದೆ ಬೇಕಿತ್ತು. ಆಸ್ಪತ್ರೆಯ ಬಿಳಿ ಕೋಟಿಲ್ಲದೆ ಅವಳು ಇನ್ನೂ ಚಿಕ್ಕವಳಾಗಿ ಕಂಡಳು. ಬಟ್ಟೆಯ ಥಾನುಗಳನ್ನು ಮುಟ್ಟಿ ಮುಟ್ಟಿ ನೋಡಿ, ಯಾವುದು ಒಳ್ಳೇದು ಅಂತ ನನಗೇನೂ ಗೊತ್ತಾಗಲ್ಲ ಆಂಟಿ, ನೀವೇ ಹೇಳಿ ಎಂದಳು. ಕೆಟ್ಟ ಬಟ್ಟೆ ದಾಟಿಸಬಹುದಿತ್ತು. ಅವಳು ಇದ್ದದ್ದರಲ್ಲೇ ಒಳ್ಳೆಯದನ್ನು ತೆಗೆದಳು. ಯಾವ ಗಿರಾಕಿಗೂ ಹೊಲಿಯದಷ್ಟು ನೀಟಾಗಿ ಹೊಲಿದಳು, ನೆರಿಗೆ ನೆರಿಗೆಗೂ ಟೇಪು ಹಿಡಿದಳು. ತೂಗುಹಾಕುವ ದಿನ ತಾನೂ ಬರುತ್ತೇನೆಂದು ಹೇಳಿ ಚೀಲ ತೆಗೆದುಕೊಂಡಳು. ಗಂಡ ಹೂಂ ಎಂದ.

ಆ ಮನೆ ಮೂರನೆಯ ಮಹಡಿಯಲ್ಲಿತ್ತು. ಹಾಲಿನಲ್ಲಿ ಸಾಮಾನೇನೂ ಇರಲಿಲ್ಲ, ಮೂಲೆಯಲ್ಲಿ ಇನ್ನೂ ಕಟ್ಟು ಬಿಚ್ಚದ ಎರಡು ಪೆಟ್ಟಿಗೆ, ಒಂದು ಹಾಸಿಗೆ. ಅವನು ಏಣಿ ಹತ್ತಿದ. ಈ ಸಲ ತಮಾಷೆಯ ಮಾತಿರಲಿಲ್ಲ. ಬಲಗೈಯಲ್ಲಿ ಡ್ರಿಲ್ ಎತ್ತಿ, ಕಿವಿ ದಾಟಿಸಿ, ತಲೆಯ ಮೇಲೆ ನೆಟ್ಟಗೆ ಚಾಚಿ ಗೋಡೆಗೆ ಒತ್ತಿದ. ಪುಡಿ ಉದುರಿತು. ಕೆಳಗೆ ಇಬ್ಬರು ಹೆಂಗಸರು ತಲೆಯೆತ್ತಿ ಒಂದೇ ಭುಜವನ್ನು ನೋಡುತ್ತಿದ್ದರು. ಅವಳು ಓರೆಗಣ್ಣಿನಿಂದ ಹುಡುಗಿಯ ಕಡೆ ನೋಡಿದಳು. ಹುಡುಗಿಯ ಬಾಯಿ ತುಸು ತೆರೆದಿತ್ತು. ಅವನ ಕೈ ಮೇಲೇರಿದಂತೆ ಅವಳ ಗದ್ದವೂ ಮೇಲೇರುತ್ತಿತ್ತು. ಮುಖದ ತುಂಬ ತಾನು ಮಾಡಿದ್ದು ಎಂಬ ಹೆಮ್ಮೆ. ಆ ಹೆಮ್ಮೆಯನ್ನು ಅವಳು ಒಳಗಿನಿಂದ ಬಲ್ಲಳು. ಪಾಪ, ಇವಳಿಗೂ ಅದು ಬೇಕು ಅನ್ನಿಸಿತು. ಅನ್ನಿಸಿದ ಬೆನ್ನಿಗೇ ಅದನ್ನು ನೋಡಲಾಗದೆ ಕಣ್ಣನ್ನು ಅವನ ಕಡೆಗೆ ತಿರುಗಿಸಿದಳು.

ಅವನು ರಾಡು ಕೂರಿಸಿ, ಮೇಲೆ ಮಟ್ಟ ನೋಡುವ ಲೆವೆಲ್ ಪಟ್ಟಿ ಇಟ್ಟ. ಗಾಜಿನೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು. ಕೆಳಗಿನಿಂದಲೂ ಕಾಣುತ್ತಿತ್ತು. "ನೇರ ಇದೆಯಾ?" ಎಂದು ಕೇಳಿದ.

"ಸೂಪರ್ ಸರ್" ಎಂದಳು ಹುಡುಗಿ.

ಅವಳು ಎರಡು ಹೆಜ್ಜೆ ಹಿಂದೆ ಹೋಗಿ, ತಲೆ ವಾಲಿಸಿ ನೋಡಿದಳು. "ಎಡಗಡೆ ಇಳಿದಿದೆ" ಎಂದಳು.

ಅವನು ಗುಳ್ಳೆಯನ್ನು ನೋಡಿದ. ಆಮೇಲೆ ಕತ್ತು ತಿರುಗಿಸಿ ಕೆಳಗೆ, ಅವಳನ್ನು ನೋಡಿದ. ಏಣಿಯ ಮೇಲಿಂದ ಅವನು ಕೆಳಗೆ ನೋಡಿದ್ದನ್ನು ಅವಳು ಕಂಡದ್ದು ಅದೇ ಮೊದಲು. "ಎಷ್ಟು?" ಎಂದ.

"ಒಂದು ಬೆರಳು."

ಅವನು ಲೆವೆಲ್ ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿದ. ಎಡಗಡೆಯ ಸ್ಕ್ರೂ ಬಿಚ್ಚಿ, ಬಲಗೈಯನ್ನು ಮತ್ತೆ ತಲೆಯ ಮೇಲಕ್ಕೆ ಚಾಚಿ, ಒಂದು ಬೆರಳು ಮೇಲೆ ಹೊಸ ತೂತು ಕೊರೆದು ರಾಡನ್ನು ಬಿಗಿದ. ಸಾವಕಾಶವಾಗಿ ಬಿಗಿದ. ಹುಡುಗಿ ಅತ್ತ ಇತ್ತ ತಲೆ ವಾಲಿಸಿ, "ಹೌದಲ್ವಾ ಆಂಟಿ, ನನಗೆ ಗೊತ್ತೇ ಆಗ್ಲಿಲ್ಲ" ಎಂದಳು. ಅಷ್ಟು ಚೆಂದ ಹೊಲಿದ ಪರದೆ ಸೊಟ್ಟ ರಾಡಿನಿಂದ ಒಂದು ಪಕ್ಕಕ್ಕೆ ಎಳೆದುಕೊಂಡು ಇಳಿಬಿದ್ದಿತು. ಅವಳ ಕಿವಿಯವರೆಗೂ ಬಿಸಿಯೇರಿತು. ಹುಡುಗಿ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದಳು.

ಮೆಟ್ಟಿಲಿಳಿಯುವಾಗ ಏಣಿಯ ಮುಂದಿನ ತುದಿ ಅವನು ಹಿಡಿದಿದ್ದ, ಹಿಂದಿನ ತುದಿ ಅವಳು. ತಿರುವಿನಲ್ಲಿ ಅವನು ನಿಂತ. ತಿರುಗಿ ನೋಡದೆ, "ಇನ್ಮೇಲೆ ಆ ಹುಡುಗಿಗೆ ದಿನಾ ಬೆಳಿಗ್ಗೆ ಎದ್ದು ಪರದೆ ನೋಡಿದ ತಕ್ಷಣ ಏನೋ ಸರಿಯಿಲ್ಲ ಅನ್ನಿಸುತ್ತೆ. ಏನು ಅಂತ ಗೊತ್ತಾಗಲ್ಲ" ಎಂದ.

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

"ನಾಳೆ ಹೋಗಿ ಸರಿ ಮಾಡಿ ಬನ್ನಿ" ಎಂದಳು ಕೊನೆಗೆ.

"ನೀನು?"

"ನೀವೊಬ್ರೇ ಹೋಗಿ. ನನಗೆ ಹೊಲಿಗೆ ಇದೆ."

ಅವನು ಅವಳ ಕೈಯಿಂದ ಹಿಂದಿನ ತುದಿಯನ್ನೂ ಬಿಡಿಸಿಕೊಂಡು, ಏಣಿಯನ್ನು ಪೂರ್ತಿ ಎತ್ತಿ ಬಲಭುಜದ ಮೇಲೆ ಇಟ್ಟುಕೊಂಡು, ಗೋಡೆಗೆ ತಾಗದಂತೆ ವಾಲಿಸುತ್ತ ಇಳಿಯತೊಡಗಿದ. ಅವಳು ಹಿಂದೆ ಹಿಂದೆ ಇಳಿದಳು. ಅಂಗಡಿಯಲ್ಲಿ ಹೊಲಿಯುವುದಕ್ಕೆ ಏನೂ ಉಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.